ಶಾಂಘೈ ಪಟ್ಟಣಕ್ಕೆ ಮೊದಲನೆಯ ಸಲ ಹೋಗತಕ್ಕವರಿಗೆ

ಹಿಂದಿನ ಕಾಲದಲ್ಲಿ ದೂರಪ್ರಯಾಣವೆಂದರೆ ಕಾಶಿ, ರಾಮೇಶ್ವರ. ಅದೂ ಜೀವಮಾನದಲ್ಲಿ ಒಂದು ಸಲ. ಈಗಲಾದರೋ ಮಕ್ಕಳು ಉದ್ಯೋಗದ ನಿಮಿತ್ತ ಭೂಮಂಡಲದ ನಾನಾ ಮೂಲೆಗಳಲ್ಲಿ ನೆಲೆಸಿರುವುದರಿಂದ, ಮಗಳ ಬಾಣಂತನಕ್ಕೆಂದೋ ಮೊಮ್ಮಗುವಿನ ನಾಮಕರಣಕ್ಕೆಂದೋ ಅರುವತ್ತು ದಾಟಿದ ತಂದೆತಾಯಿಗಳು ಸಮುದ್ರವನ್ನು ದಾಟಿ ಹೋಗುವುದು ಸಾಮಾನ್ಯವಾಗಿದೆ. ಇಂಗ್ಲೆಂಡಿಗೋ ಅಮೆರಿಕೆಗೋ ಹೊರಟವರಿಗೆ ಬುದ್ಧಿ ಹೇಳುವವರು ಬೀದಿಗೆ ನಾಲ್ವರು ಸಿಕ್ಕುತ್ತಾರೆ. ಚೀನಾದೇಶಕ್ಕೆ ಹೊರಟವರಿಗೆ ಹಾಗಲ್ಲ. 2020ರಲ್ಲಿ ನಿಂತುಹೋದ ನೇರ ವಿಮಾನಸಂಚಾರವು 2025ರ ಅಕ್ಟೋಬರಿನಲ್ಲಿ ಮತ್ತೆ ಆರಂಭವಾಯಿತು. ನಡುವಣ ಐದು ವರ್ಷಗಳಲ್ಲಿ ಅಲ್ಲಿಗೆ ಹೋಗಿಬಂದವರೇ ವಿರಳ. ಆ ವರ್ಷದ ಕಾರ್ತೀಕ ಮಾಸದಲ್ಲಿ ನಾನೂ ನನ್ನ ಪತ್ನಿಯೂ ಮಗಳ ಮೊದಲ ಬಾಣಂತನಕ್ಕಾಗಿ ಶಾಂಘೈಗೆ ಹೋಗಿ ಒಂದೂವರೆ ತಿಂಗಳು ಇದ್ದು ಬಂದೆವು. ಅಲ್ಲಿ ಕಂಡುಕೊಂಡ ನಾಲ್ಕು ಸಂಗತಿಗಳನ್ನು, ಮುಂದೆ ಹೋಗತಕ್ಕ ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ಬರೆದಿಡುತ್ತೇನೆ.

ಮೊದಲು ಊರಿನ ಪ್ರಮಾಣವನ್ನು ಮನಸ್ಸಿಗೆ ತಂದುಕೊಳ್ಳಬೇಕು. 2020ರ ಗಣತಿಯಂತೆ ಶಾಂಘೈಯ ಜನಸಂಖ್ಯೆ 2 ಕೋಟಿ 48 ಲಕ್ಷ. ನಮ್ಮ ಇಡೀ ಕರ್ನಾಟಕದಲ್ಲಿ 2011ರ ಗಣತಿಯಲ್ಲಿ ಇದ್ದವರು 6 ಕೋಟಿ 11 ಲಕ್ಷ. ಎಂದರೆ ನಮ್ಮ ನಾಡಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ಒಂದೇ ಊರಿನಲ್ಲಿ ವಾಸವಾಗಿದ್ದಾರೆ. ಹ್ವಾಂಗ್‌ಪೂ ಎಂಬ ನದಿಯು ಊರನ್ನು ಇಬ್ಭಾಗ ಮಾಡಿದೆ. ಪಶ್ಚಿಮದ ದಡ ಪೂಶೀ, ಹಳೆಯ ಊರು. ಪೂರ್ವದ ದಡ ಪೂದೋಂಗ್, 1990ರಿಂದೀಚೆಗೆ ಬೆಳೆದ ಹೊಸ ಊರು. 2015ರಲ್ಲಿ ಕಟ್ಟಿ ಮುಗಿಸಿದ 632 ಮೀಟರ್ ಎತ್ತರದ ಶಾಂಘೈ ಗೋಪುರವು ಈ ಪೂರ್ವದ ದಡದಲ್ಲಿದೆ. ಯಾರಾದರೂ ದಾರಿ ಹೇಳುವಾಗ ನದಿಯ ಯಾವ ಮಗ್ಗುಲೆಂದು ಮೊದಲು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಕಳೆಯುವುದು.

ಹೊರಡುವ ಮೊದಲು ಮಾಡತಕ್ಕ ಕೆಲಸಗಳಲ್ಲಿ ಮುಖ್ಯವಾದುದು ಮೊಬೈಲ್ ಫೋನಿನ ವ್ಯವಸ್ಥೆ. ನಾವು ದಿನಬೆಳಗಾದರೆ ಬಳಸುವ ವಾಟ್ಸಾಪ್, ಗೂಗಲ್, ಯೂಟ್ಯೂಬ್ ಇವೊಂದೂ ಅಲ್ಲಿಯ ಸಾಮಾನ್ಯ ಸಂಪರ್ಕದಲ್ಲಿ ನಡೆಯವು; ಸರ್ಕಾರವು ಅವನ್ನು ತಡೆದಿದೆ. ಇಲ್ಲಿಯ ಸಿಮ್ಮಿಗೆ ಹೊರದೇಶದ ಸೌಕರ್ಯವನ್ನು ಹಾಕಿಸಿಕೊಂಡು ಹೋದರೆ ಸಾಮಾನ್ಯವಾಗಿ ಅದರ ಮೂಲಕ ನಡೆಯುತ್ತವೆ. ಅಲ್ಲಿಯವರೆಲ್ಲರೂ ಬಳಸುವ ವೀಚಾಟ್ ಎಂಬುದನ್ನು ಊರು ಬಿಡುವುದಕ್ಕೆ ಮೊದಲೇ ಹಾಕಿಸಿಕೊಂಡು, ಮಕ್ಕಳೊಡನೆ ಒಂದೆರಡು ಸಲ ಮಾತನಾಡಿ ಅಭ್ಯಾಸ ಮಾಡಿಕೊಳ್ಳಬೇಕು. ಊರಿನಲ್ಲಿ ಉಳಿದ ವೃದ್ಧರಿಗೂ ಈ ಸಂಗತಿಯನ್ನು ತಿಳಿಸಿಟ್ಟಿರಬೇಕು. ಇಲ್ಲವಾದರೆ ಎರಡು ದಿನ ಸುದ್ದಿಯಿಲ್ಲದೆ ಹೋದಾಗ ಅವರು ಊಟ ಬಿಟ್ಟು ಕುಳಿತುಕೊಳ್ಳುತ್ತಾರೆ. ಅಲ್ಲಿಯ ಗಡಿಯಾರವು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದನ್ನೂ ಅವರಿಗೆ ಹೇಳಿರಬೇಕು.

ಎರಡನೆಯದು ಹಣ. ಅಲ್ಲಿಯ ನಾಣ್ಯ ಯುವಾನ್. 2025ರ ಕೊನೆಯಲ್ಲಿ ಒಂದು ಯುವಾನಿಗೆ ನಮ್ಮ ಹನ್ನೆರಡು ಹದಿಮೂರು ರೂಪಾಯಿ. ತರಕಾರಿ ಮಾರುವ ಮುದುಕಿಯೂ ಚೌಕಾಕಾರದ ಚಿತ್ರವೊಂದನ್ನು ಮುಂದಿಟ್ಟು ಫೋನಿನಿಂದಲೇ ಹಣ ಪಡೆಯುವಳು. ಅಲಿಪೇ, ವೀಚಾಟ್ ಎಂಬ ಈ ಎರಡು ವ್ಯವಸ್ಥೆಗಳಿಗೆ 2023ರಿಂದ ಹೊರದೇಶದ ಬ್ಯಾಂಕುಗಳ ಕಾರ್ಡುಗಳನ್ನೂ ಸುಲಭವಾಗಿ ಜೋಡಿಸಬಹುದಾಗಿದೆ. ಇನ್ನೂರು ಯುವಾನಿಗೆ ಮೀರಿದ ಒಂದೊಂದು ಪಾವತಿಗೂ ನೂರಕ್ಕೆ ಮೂರರಂತೆ ಶುಲ್ಕ ಬೀಳುವುದುಂಟು. ಸಣ್ಣ ವ್ಯಾಪಾರಕ್ಕೆ ಅದಿಲ್ಲ. ಆದರೂ ಐದು, ಹತ್ತು, ಇಪ್ಪತ್ತರ ನೋಟುಗಳಲ್ಲಿ ಇನ್ನೂರು ಮುನ್ನೂರು ಯುವಾನ್ ಕೈಯಲ್ಲಿ ಇರಲೇಬೇಕು. ಫೋನಿನ ಬ್ಯಾಟರಿ ಮುಗಿದರೆ ಆ ಊರಿನಲ್ಲಿ ಐಶ್ವರ್ಯವಂತನೂ ದರಿದ್ರನೇ.

ಮೂರನೆಯದು ಗಂಟುಮೂಟೆ. ಬಾಣಂತಿಗೆಂದು ಮನೆಯಿಂದ ಏನೇನನ್ನೋ ಕಟ್ಟಿಕೊಂಡು ಹೋಗುವುದು ತಾಯಂದಿರ ಸ್ವಭಾವ. ಹಾಲು, ಮೊಸರು, ಬೆಣ್ಣೆ, ಮಾಂಸ, ಹಸಿಯ ಹಣ್ಣು ತರಕಾರಿ, ಬಿತ್ತನೆಯ ಬೀಜ ಇವನ್ನು ಆ ದೇಶದೊಳಕ್ಕೆ ಒಯ್ಯಕೂಡದೆಂಬ ಕಟ್ಟಳೆಯಿದೆ. ಬೆಣ್ಣೆಯಿಂದಾದ ತುಪ್ಪದ ಆಸೆಯನ್ನೂ ಬಿಡುವುದು ಲೇಸು. ಬೆಣ್ಣೆ ಅಲ್ಲಿಯ ಅಂಗಡಿಗಳಲ್ಲಿಯೇ ದೊರೆಯುತ್ತದೆ, ಕೊಂಡು ಕಾಯಿಸಿಕೊಂಡರಾಯಿತು. ನನ್ನ ಪತ್ನಿ ಹಾಗೆಯೇ ಮಾಡಿದಳು. ಔಷಧಗಳನ್ನು ಅಂಗಡಿಯ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿ ಇಟ್ಟುಕೊಳ್ಳತಕ್ಕದ್ದು. ಚೀನಾದೇಶದೊಳಗೆ ಒಂದೂರಿನಿಂದ ಇನ್ನೊಂದೂರಿಗೆ ವಿಮಾನದಲ್ಲಿ ಹೋಗುವ ಉದ್ದೇಶವಿದ್ದರೆ, ಇಲ್ಲಿ ಕೊಂಡ ಪವರ್ ಬ್ಯಾಂಕನ್ನು ನಂಬಿಕೊಳ್ಳಬಾರದು. ಆ ದೇಶದ ಸುರಕ್ಷತಾ ಮುದ್ರೆಯಿಲ್ಲದವನ್ನು 2025ರ ಜೂನ್ 28ರಿಂದ ಒಳನಾಡಿನ ವಿಮಾನಗಳಲ್ಲಿ ಬಿಡುವುದಿಲ್ಲ.

ಊರು ಸೇರಿದ ಮೇಲೆ ಹೋಟೆಲಿನಲ್ಲಿ ಇಳಿದವರ ಹೆಸರನ್ನು ಹೋಟೆಲಿನವರೇ ಪೊಲೀಸರಿಗೆ ತಿಳಿಸುತ್ತಾರೆ. ಮಕ್ಕಳ ಮನೆಯಲ್ಲಿ ಇಳಿಯುವವರಾದರೋ ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ತಾವೇ ದಾಖಲು ಮಾಡಿಸಿಕೊಳ್ಳಬೇಕು. ಪ್ರಯಾಣದ ಆಯಾಸದಲ್ಲಿ ಇದನ್ನು ನಾಳೆಗೆಂದು ಬಿಡತಕ್ಕದ್ದಲ್ಲ.

ಪೂದೋಂಗ್ ವಿಮಾನನಿಲ್ದಾಣವು ಊರಿನ ನಡುವಿನಿಂದ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿದೆ. ಬಾಗಿಲಲ್ಲಿಯೇ "ಟ್ಯಾಕ್ಸಿ, ಟ್ಯಾಕ್ಸಿ" ಎಂದು ಬೆನ್ನು ಹತ್ತುವವರ ಕಡೆಗೆ ತಿರುಗಿಯೂ ನೋಡಬಾರದು. ಅಧಿಕೃತ ಟ್ಯಾಕ್ಸಿಗಳ ಸಾಲಿನಲ್ಲಿ ನಿಂತು, ಮೀಟರು ಹಾಕಿಸಿಕೊಂಡು, ಇಳಿಯುವಾಗ ಅಚ್ಚಾದ ರಸೀತಿಯನ್ನು ಕೇಳಿ ಪಡೆಯಬೇಕು. ಸಾಮಾನು ಮರೆತು ಬಂದರೆ ಗಾಡಿಯನ್ನು ಹುಡುಕಿಸುವುದಕ್ಕೆ ಆ ರಸೀತಿಯೇ ಆಧಾರ. ಹಗಲಿನಲ್ಲಿ ಇಳಿದವರಿಗೆ ಎರಡನೆಯ ಮಾರ್ಗದ ಮೆಟ್ರೋ ರೈಲು ಕಡಮೆ ವೆಚ್ಚದ್ದು. ಆಯಸ್ಕಾಂತದ ಬಲದಿಂದ ಹಳಿ ಮುಟ್ಟದೆ ಓಡುವ ರೈಲೂ ಅಲ್ಲಿಂದಲೇ ಹೊರಡುತ್ತದೆ. ಮೂವತ್ತು ಕಿಲೋಮೀಟರನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಿ, ಊರಿನ ಅಂಚಿನ ಲೊಂಗ್‌ಯಾಂಗ್ ರಸ್ತೆಯಲ್ಲಿ ಇಳಿಸುವುದು. ಅಲ್ಲಿಂದ ಮುಂದಕ್ಕೆ ಮತ್ತೆ ಮೆಟ್ರೋವನ್ನೇ ಹಿಡಿಯಬೇಕು.

ಬೀದಿಯ ವಿಷಯದಲ್ಲಿ ಎಚ್ಚರಿಕೆ ಅತ್ಯವಶ್ಯಕ. ಅಲ್ಲಿ ವಾಹನಗಳು ಬಲಗಡೆಯಲ್ಲಿ ಸಂಚರಿಸುವುವು. ಆದ್ದರಿಂದ ದಾಟುವವರು ಮೊದಲು ಎಡಕ್ಕೆ ನೋಡಬೇಕು. ನಮಗೆ ಹಸಿರು ದೀಪ ಬಂದಾಗಲೂ ಬಲಕ್ಕೆ ತಿರುಗುವ ಮೋಟಾರುಗಳು ಬರುತ್ತಲೇ ಇರುತ್ತವೆ. ಅವುಗಳಿಗಿಂತಲೂ ಅಪಾಯ ವಿದ್ಯುತ್ತಿನ ದ್ವಿಚಕ್ರ ವಾಹನಗಳು: ಸದ್ದಿಲ್ಲದೆ ಬೆನ್ನ ಹಿಂದೆ ಬಂದುಬಿಡುತ್ತವೆ. ಇನ್ನು ಕಟ್ಟಡಗಳಲ್ಲಿ ನೆಲದ ಮಟ್ಟದ ಅಂತಸ್ತನ್ನೇ ಅವರು ಒಂದನೆಯದೆಂದು ಎಣಿಸುತ್ತಾರೆ. ಅವರು ಮೂರನೆಯದೆಂದರೆ ನಮ್ಮ ಲೆಕ್ಕಕ್ಕೆ ಎರಡನೆಯ ಮಹಡಿ.

ಆಹಾರದ ಸಂಗತಿ ನಮ್ಮವರಲ್ಲಿ ಅನೇಕರಿಗೆ ದೊಡ್ಡ ಚಿಂತೆ. "ವೋ ಛಿ ಸೂ" ಎಂದರೆ "ನಾನು ಸಸ್ಯಾಹಾರಿ" ಎಂದರ್ಥ. ಉಚ್ಚಾರಣೆಯ ಏರಿಳಿತ ತಪ್ಪಿದರೆ ಅರ್ಥವಾಗದಿರಬಹುದು. ಅದನ್ನು ಅವರ ಲಿಪಿಯಲ್ಲಿ ಬರೆಯಿಸಿಟ್ಟುಕೊಂಡು ತೋರಿಸುವುದೇ ಕ್ಷೇಮ. ಸಾಮಾನ್ಯ ಊಟದ ಅಂಗಡಿಗಳಲ್ಲಿ ಸೊಪ್ಪಿನ ಪಲ್ಯವನ್ನು ಸಹ ಹಂದಿಯ ಕೊಬ್ಬಿನಲ್ಲಿಯೋ ಮಾಂಸದ ಸಾರಿನಲ್ಲಿಯೋ ಬೇಯಿಸಿರಬಹುದು. ಬೌದ್ಧರ ಸಸ್ಯಾಹಾರದ ಭೋಜನಶಾಲೆಗಳಲ್ಲಿ ಆ ಶಂಕೆಯಿಲ್ಲ. ಸಂಪ್ರದಾಯಸ್ಥರಾದವರು ಈರುಳ್ಳಿ ಬೆಳ್ಳುಳ್ಳಿಗಳನ್ನೂ ವರ್ಜಿಸುತ್ತಾರೆ. ಪಶ್ಚಿಮ ನಾನ್‌ಜಿಂಗ್ ರಸ್ತೆಯಲ್ಲಿರುವ ಗೋಂಗ್‌ದೆಲಿನ್ ಎಂಬ ಭೋಜನಶಾಲೆಯು 1922ರಲ್ಲಿ ಸ್ಥಾಪಿತವಾದುದು. ಇಂಥ ಕಡೆಗಳಲ್ಲಿ ಬಾತುಕೋಳಿಯಂತೆಯೋ ಮೀನಿನಂತೆಯೋ ಕಾಣುವ ಭಕ್ಷ್ಯಗಳನ್ನು ಕಂಡು ನಮ್ಮವರು ಬೆಚ್ಚಿಬೀಳಬೇಕಾಗಿಲ್ಲ. ಅವು ಸೋಯಾ ಅವರೆಯಿಂದಲೂ ಗೋದಿಯ ಅಂಟಿನಿಂದಲೂ ಮಾಡಿದವು. ನಲ್ಲಿಯ ನೀರನ್ನು ಹಾಗೆಯೇ ಕುಡಿಯತಕ್ಕದ್ದಲ್ಲ. ಅಲ್ಲಿಯ ಜನರಿಗೆ ಬಿಸಿನೀರು ಕುಡಿಯುವುದೇ ವಾಡಿಕೆ. ನಿಲ್ದಾಣ, ಆಸ್ಪತ್ರೆ, ಅಂಗಡಿ ಎಲ್ಲಿ ಕೇಳಿದರೂ ಸಾಮಾನ್ಯವಾಗಿ ಸಿಕ್ಕುವುದು.

ನಾನ್‌ಜಿಂಗ್ ರಸ್ತೆಯಲ್ಲಿಯೂ ನದೀತೀರದ ಬಂಡ್ ಎಂಬ ವಿಹಾರಸ್ಥಳದಲ್ಲಿಯೂ, ಇಂಗ್ಲಿಷು ಬಲ್ಲ ಯುವಕ ಯುವತಿಯರು ನಗುಮುಖದಿಂದ ಮಾತನಾಡಿಸಿ, "ಚಹದ ಸಂಪ್ರದಾಯವನ್ನು ನೋಡಬನ್ನಿ" ಎಂದು ಕರೆಯುವುದುಂಟು. ಹೋದವರಿಗೆ ನಾಲ್ಕು ಬಟ್ಟಲು ಚಹಕ್ಕೆ ಸಾವಿರಾರು ರೂಪಾಯಿನ ಲೆಕ್ಕ ಬರುವುದು. ತಾವಾಗಿ ಬಂದು ಕರೆಯುವವರಿಗೆ ಕೈಮುಗಿದು ಮುಂದೆ ಹೋಗಬೇಕು. ಆದರೆ ಈ ಒಂದು ಕಾರಣದಿಂದ ಇಡೀ ಊರನ್ನು ಶಂಕಿಸುವುದು ಅನ್ಯಾಯ. ನಮ್ಮ ಅನುಭವದ ಒಂದು ಸಂಗತಿಯನ್ನು ಹೇಳುತ್ತೇನೆ.

ಪೀಪಲ್ಸ್ ಸ್ಕ್ವೇರ್ ಎಂಬ ಮೆಟ್ರೋ ನಿಲ್ದಾಣದಲ್ಲಿ ಮೂರು ಮಾರ್ಗಗಳು ಕೂಡುತ್ತವೆ. ಒಂದು ಸಂಜೆ ಮಗುವಿಗೆ ಬಟ್ಟೆಗಳನ್ನು ಕೊಂಡು ಹಿಂದಿರುಗುವಾಗ, ಜನರ ನೂಕಿನಲ್ಲಿ ನಾನು ಗಾಡಿಯೊಳಕ್ಕೆ ಹೋದೆ, ಕದ ಮುಚ್ಚಿತು, ನನ್ನ ಪತ್ನಿ ಹೊರಗೆ ಉಳಿದಳು. ಆಕೆಗೆ ಮಧುಮೇಹ. ಊಟದ ಹೊತ್ತು ಮೀರಿದರೆ ಕೈಕಾಲು ನಡುಗಿ ಬೆವರುವುದು. ಕನ್ನಡವಲ್ಲದೆ ಬೇರೆ ಭಾಷೆ ಬಾರದು. ಗಾಜಿನಾಚೆ ಆಕೆಯ ಮುಖ ಹಿಂದಕ್ಕೆ ಸರಿದುಹೋದ ಆ ಕ್ಷಣದಲ್ಲಿ ನನ್ನ ಎದೆ ಹೇಗೆ ಹೊಡೆದುಕೊಂಡಿತೆಂಬುದನ್ನು ಬರೆಯಲಾರೆ. ಆದರೆ ನಮ್ಮ ಮಗಳು ಮೊದಲ ದಿನವೇ ಎರಡು ಕಟ್ಟಳೆಗಳನ್ನು ಮಾಡಿದ್ದಳು. ಅಗಲಿದರೆ, ಉಳಿದವರು ಇದ್ದಲ್ಲಿಯೇ ನಿಲ್ಲತಕ್ಕದ್ದು, ಮುಂದೆ ಹೋದವರು ಹಿಂದಿರುಗತಕ್ಕದ್ದು, ಇದು ಮೊದಲನೆಯದು. ಮನೆಯ ವಿಳಾಸ, ಮಗಳ ಫೋನಿನ ಸಂಖ್ಯೆ, "ನನಗೆ ಮಧುಮೇಹವಿದೆ" ಎಂಬ ಮಾತು, ಇಷ್ಟನ್ನು ಚೀನೀ ಲಿಪಿಯಲ್ಲಿ ಬರೆದ ಚೀಟಿ ಇಬ್ಬರ ಬಳಿಯಲ್ಲಿಯೂ ಸದಾ ಇರತಕ್ಕದ್ದು, ಇದು ಎರಡನೆಯದು. ನಾನು ಮುಂದಿನ ನಿಲ್ದಾಣದಲ್ಲಿಳಿದು, ಎದುರು ಗಾಡಿ ಹತ್ತಿ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ನನ್ನ ಪತ್ನಿ ಒಂದು ಬೆಂಚಿನ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಸಮವಸ್ತ್ರ ಧರಿಸಿದ ನಿಲ್ದಾಣದ ಹುಡುಗಿಯೊಬ್ಬಳು. ಕಾಗದದ ಬಟ್ಟಲಿನಲ್ಲಿ ಬಿಸಿನೀರು, ಕೈಯಲ್ಲಿ ಒಂದು ಮಿಠಾಯಿ. ಚೀಟಿಯನ್ನು ಓದಿದೊಡನೆಯೇ ಆಕೆ ಮಗಳಿಗೆ ಫೋನು ಮಾಡಿದ್ದಳು. "ಅವಳ ಮಾತು ನನಗೆ ತಿಳಿಯಲಿಲ್ಲ, ನನ್ನ ಮಾತು ಅವಳಿಗೆ ತಿಳಿಯಲಿಲ್ಲ, ನೀವು ಬರುವವರೆಗೆ ನನ್ನ ಕೈಯನ್ನು ಮಾತ್ರ ಬಿಡಲಿಲ್ಲ, ನೋಡಿ," ಎಂದಳು ನನ್ನ ಪತ್ನಿ.

ಊರಿನಿಂದ ಹೊರಡುವಾಗ ನೆರೆಯವರು, "ಅವರ ದೇಶಕ್ಕೇ ಹೋಗಬೇಕೆ?" ಎಂದಿದ್ದರು. ಎರಡು ಸರ್ಕಾರಗಳ ನಡುವಣ ವ್ಯಾಜ್ಯ ಸಣ್ಣದೆಂದು ನಾನು ಹೇಳುವುದಿಲ್ಲ. 1962ನ್ನು ಕಂಡ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ, 2020ರಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳೂ ಇವೆ. ಆದರೆ ನಮ್ಮ ಕರ್ನಾಟಕದ ಅಂಚಿನಲ್ಲಿಯೇ ಇರುವ ಸೊಲ್ಲಾಪುರದ ವೈದ್ಯ ದ್ವಾರಕಾನಾಥ ಕೋಟ್ನಿಸರು 1938ರಲ್ಲಿ ಆ ದೇಶಕ್ಕೆ ಹೋಗಿ, ಗಾಯಾಳುಗಳ ಶುಶ್ರೂಷೆಯಲ್ಲಿಯೇ 1942ರಲ್ಲಿ ತೀರಿಕೊಂಡರೆಂಬುದೂ, ಅವರ ಹೆಸರನ್ನು ಅಲ್ಲಿಯವರು ಇಂದಿಗೂ ಗೌರವದಿಂದ ನೆನೆಯುತ್ತಾರೆಂಬುದೂ ಅಷ್ಟೇ ನಿಜ.

ಮನೆವಾರ್ತೆಯಲ್ಲಂತೂ ಅವರಿಗೂ ನಮಗೂ ಇರುವ ಹೋಲಿಕೆ ಆಶ್ಚರ್ಯಕರ. ಹೆರಿಗೆಯಾದ ಮೇಲೆ "ತಿಂಗಳು ಕೂರುವುದು" ಎಂಬ ಪದ್ಧತಿ ಅವರಲ್ಲಿದೆ. ಬಾಣಂತಿ ತಣ್ಣೀರು ಮುಟ್ಟಬಾರದು, ಗಾಳಿಗೆ ಮೈಯೊಡ್ಡಬಾರದು, ಶುಂಠಿ ಹಾಕಿದ ಬಿಸಿಯ ಆಹಾರವನ್ನು ಉಣ್ಣಬೇಕು. ಪಕ್ಕದ ಮನೆಯ ವೃದ್ಧೆಯೊಬ್ಬಳು ನಮ್ಮ ಮಗಳು ಬರಿಗಾಲಲ್ಲಿ ನಿಂತುದನ್ನು ಕಂಡು ಕೈಬೀಸಿ ಗದರಿಸಿದಳು. ಅದೇ ಹೊತ್ತಿಗೆ ನನ್ನ ಪತ್ನಿಯೂ ಒಳಗಿನಿಂದ ಕಾಲುಚೀಲ ಹಿಡಿದುಕೊಂಡು ಬರುತ್ತಿದ್ದಳು. ಇಬ್ಬರು ಅಜ್ಜಿಯರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಅಂದಿನಿಂದ ಮಗಳ ಪಾಡಿಗೆ ಇಬ್ಬರು ತಾಯಂದಿರಾದರು.

ಕಡೆಗೆ ಕಾಲದ ಮಾತು. ಮಾರ್ಚಿಯಿಂದ ಮೇ ತಿಂಗಳವರೆಗೂ, ಅಕ್ಟೋಬರಿನ ನಡುವಿನಿಂದ ನವೆಂಬರಿನವರೆಗೂ ಹವೆ ಹಿತವಾಗಿರುವುದು. ಜೂನಿನಲ್ಲಿ ಜಡಿಮಳೆ, ಅದರ ಬೆನ್ನಿಗೆ ಬೆವರಿಳಿಸುವ ಸೆಕೆ. ಅಕ್ಟೋಬರ್ ಮೊದಲನೆಯ ವಾರದ ರಾಷ್ಟ್ರೀಯ ರಜೆಯಲ್ಲಿಯೂ ಅವರ ಹೊಸವರ್ಷದ ದಿನಗಳಲ್ಲಿಯೂ ದೇಶಕ್ಕೆ ದೇಶವೇ ಪ್ರಯಾಣದಲ್ಲಿರುವುದರಿಂದ ಆಗ ಹೋಗದಿರುವುದು ಒಳ್ಳೆಯದು. ಪೊಲೀಸರಿಗೆ 110, ಆಸ್ಪತ್ರೆಯ ಗಾಡಿಗೆ 120, ಬೆಂಕಿಗೆ 119. ಈ ಮೂರು ಸಂಖ್ಯೆಗಳನ್ನು ಚೀಟಿಯ ಬೆನ್ನಿನ ಮೇಲೆ ಬರೆದುಕೊಳ್ಳಿರಿ. ಆ ಚೀಟಿಯನ್ನು ಫೋನಿನೊಳಗಲ್ಲ, ಕಾಗದದ ಮೇಲೆಯೇ ಬರೆಯಿಸಿ, ಗಂಡಸರು ಜೇಬಿನಲ್ಲಿಯೂ ಹೆಂಗಸರು ಸೊಂಟದ ಚೀಲದಲ್ಲಿಯೂ ಇಟ್ಟುಕೊಳ್ಳಲಿ. ಕಾಗದಕ್ಕೆ ಬ್ಯಾಟರಿ ಬೇಕಿಲ್ಲ.