ಮುಕ್ಕಾಲು ಚಿತ್ರದ ಬೆಲೆ

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಪಿಯುಸಿ ಮುಗಿಸಿದ ಮಗನನ್ನು ಕರೆದುಕೊಂಡು ಸೊರಬದ ನಮ್ಮ ಮನೆಗೆ ಬಂದಿದ್ದ. ಮಗನಿಗೆ ಕಂಪ್ಯೂಟರ್ ಬೇಕು, ಅದೂ ಬಿಡಿಭಾಗಗಳನ್ನು ತಾನೇ ಆರಿಸಿ ಜೋಡಿಸಬೇಕೆಂಬ ಹಟ. ಅಪ್ಪನ ತಲೆಗೆ ಹೋಗದ ಸಂಗತಿ ಒಂದೇ. ಮದರ್‌ಬೋರ್ಡ್ ಎಂಬ ಹಲಗೆ ಒಂದಕ್ಕೆ ಎಂಟು ಸಾವಿರವಂತೆ, ಇನ್ನೊಂದಕ್ಕೆ ಹದಿನೆಂಟು ಸಾವಿರವಂತೆ. "ಎರಡಕ್ಕೂ ಹಾಕೋ ಪ್ರೊಸೆಸರ್ ಒಂದೇ ಅಂತಾನೆ ಮೇಷ್ಟ್ರೇ. ಮತ್ಯಾಕೆ ಹತ್ತು ಸಾವಿರ ಜಾಸ್ತಿ?"

ಹುಡುಗ ಮಾತಾಡದೆ ಮೊಬೈಲ್ ಮುಂದೆ ಹಿಡಿದ. ನಾಲ್ಕು ಮದರ್‌ಬೋರ್ಡ್‌ಗಳಲ್ಲಿ ಒಂದೇ ವಿಡಿಯೊ ಗೇಮ್ ಓಡಿಸಿ ನೋಡಿ ಬರೆದ ನಕ್ಷೆ. ದುಬಾರಿ ಹಲಗೆಯ ಕಂಬ ಅಗ್ಗದ್ದರ ಎರಡರಷ್ಟು ಎತ್ತರ. ಗಣಿತದ ಮೇಷ್ಟ್ರಾಗಿದ್ದವನ ಕಣ್ಣು ಮೊದಲು ಹೋಗುವುದು ನಕ್ಷೆಯ ಬುಡಕ್ಕೆ. ಅಲ್ಲಿ ಸೊನ್ನೆ ಇರಲಿಲ್ಲ, 140 ಇತ್ತು. ಗಿಡ್ಡ ಕಂಬ 142, ಎತ್ತರದ್ದು 144. ನನಗೆ ನಗು ಬಂತು. ಆದರೆ ಈ ವಿಷಯದಲ್ಲಿ ನಾನು ಹಿಂದೊಮ್ಮೆ ನಕ್ಕು ಕೆಟ್ಟವನು.

2003ರಲ್ಲಿ ನಮ್ಮ ಮನೆಗೂ ಶಿಕಾರಿಪುರದ ಅಕ್ಕನ ಮನೆಗೂ ಹೆಚ್ಚುಕಡಿಮೆ ಒಟ್ಟಿಗೇ ಕಂಪ್ಯೂಟರ್ ಬಂದವು. ಎರಡರಲ್ಲೂ 2.4 ಗಿಗಾಹರ್ಟ್ಸ್‌ನ ಪೆಂಟಿಯಂ 4, ಎರಡರಲ್ಲೂ 256 ಎಂಬಿ ಮೆಮೊರಿ. ಹಲಗೆ ಮಾತ್ರ ಬೇರೆ. ಭಾವ ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಿ ಮಗ ಬರೆದುಕೊಟ್ಟದ್ದನ್ನು ತಂದರು. ನಾನು ಶಿವಮೊಗ್ಗದ ಅಂಗಡಿಯಲ್ಲಿ ತೋರಿಸಿದ ಎರಡರಲ್ಲಿ 1,800 ರೂಪಾಯಿ ಕಡಿಮೆಯದನ್ನು ಆರಿಸಿದೆ. ಆ ಸಾಲಿನಲ್ಲಿ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 550 ರೂಪಾಯಿ. ಕೊಟ್ಟಿದ್ದರೆ ಮೂರು ಕ್ವಿಂಟಲಿಗೂ ಹೆಚ್ಚು ಭತ್ತ ಒಂದು ಹಸಿರು ಹಲಗೆಗೆ ಹೋಗುತ್ತಿತ್ತು. ಮಗ ಅಂಗಡಿಯಲ್ಲೇ ನನ್ನ ಅಂಗಿಯ ತೋಳು ಜಗ್ಗಿ, "ಅಪ್ಪಾ, ಆ ಇನ್ನೊಂದೇ ಇರ್ಲಿ" ಅಂದಿದ್ದ. "ಎರಡೂ ಮಾಡೋದು ಒಂದೇ ಕೆಲಸ, ಸುಮ್ನಿರು" ಅಂದಿದ್ದೆ.

ದಸರಾ ರಜೆಯಲ್ಲಿ ಯಾರದು ಹೆಚ್ಚು ಎಂಬ ಜಗಳ ಹತ್ತಿತು. ಮಗ ಕಂಪ್ಯೂಟರಿನ ಡಬ್ಬವನ್ನು ದುಪ್ಪಟಿಯಲ್ಲಿ ಸುತ್ತಿ, ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿಕಾರಿಪುರಕ್ಕೆ ಹೊರಟ. ಜೊತೆಗೆ ನಾನೂ. ಬಾಗಿಲಲ್ಲಿ ಅಕ್ಕ, "ಎಂತದಾ ಅದು, ಬಾಣಂತಿ ಕೂಸಿನ ಹಂಗೆ ಸುತ್ಕೊಂಡ್ ಬಂದೀಯ" ಅಂದಳು.

ಪರೀಕ್ಷೆಗೆ ಆಟವೇ ಏಕೆ ಎಂದು ಪಾಲಕರು ಕೇಳಬಹುದು. ನಾನೂ ಕೇಳಿದ್ದೆ. ಕಾಗದ ಟೈಪು ಮಾಡುವಾಗ, ಲೆಕ್ಕ ಬರೆಯುವಾಗ ಯಂತ್ರ ಬೆವರುವುದೇ ಇಲ್ಲ. ಆಟದಲ್ಲಿ ಹಾಗಲ್ಲ. ಗೋಡೆ, ನೆರಳು, ಓಡಿಬರುವ ಶತ್ರು ಎಲ್ಲವನ್ನೂ ಲೆಕ್ಕ ಹಾಕಿ ಸೆಕೆಂಡಿಗೆ ಹತ್ತಾರು ಚಿತ್ರ ಬರೆಯಬೇಕು. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ ಸಾಕು, ಆಡುವವನಿಗೆ ಸಾಲದು. ಪ್ರೊಸೆಸರ್, ಮೆಮೊರಿ, ಚಿತ್ರ ಬರೆಯುವ ಗ್ರಾಫಿಕ್ಸ್ ಚಿಪ್ಪು ಎಲ್ಲವೂ ಒಟ್ಟಿಗೆ ದುಡಿಯಬೇಕು. ಇವಿಷ್ಟನ್ನೂ ಜೋಡಿಸುವ ರಸ್ತೆ ಮದರ್‌ಬೋರ್ಡ್.

ಹುಡುಗರು ಆರಿಸಿದ್ದು 1999ರ ಕ್ವೇಕ್ 3. ಮೊದಲೇ ದಾಖಲಾಗಿರುವ ಒಂದು ಕಾಳಗವನ್ನು ಅದು ತಾನೇ ಓಡಿಸಿ, ಇಷ್ಟು ಚಿತ್ರ, ಇಷ್ಟು ಸೆಕೆಂಡು ಎಂದು ಕೊನೆಗೆ ಲೆಕ್ಕ ಕೊಡುತ್ತದೆ. ಆಡುವವನ ಕೈಚಳಕಕ್ಕೆ ಅಲ್ಲಿ ಜಾಗವಿಲ್ಲ. ಎರಡು ಸಲ ಕರೆಂಟು ಹೋಗಿ ಬಂದ ಮೇಲೆ ಫಲಿತಾಂಶ ಬಂತು. ಶಿಕಾರಿಪುರ 61.9, ಸೊರಬ 61.2.

ಅಕ್ಕನ ಮಗ ಕುಣಿದಾಡಿದ. ನನಗೆ ಮಾತ್ರ ಅವನ ಯಂತ್ರ ಶುರುವಾಗುವಾಗ ತೋರಿಸಿದ ಅಂಕಿ ಕಣ್ಣಿಗೆ ಬಿದ್ದಿತ್ತು. 2400 ಇರಬೇಕಾದಲ್ಲಿ 2430. ಆ ಪ್ರೊಸೆಸರ್ ಹಲಗೆಯ ಗಡಿಯಾರದ 18ರಷ್ಟು ವೇಗದಲ್ಲಿ ಓಡುತ್ತದೆ. ಗಡಿಯಾರ 133.33 ಇದ್ದರೆ 2400, 135 ಇದ್ದರೆ 2430. ಪತ್ರಿಕೆಗಳ ಹೋಲಿಕೆಯಲ್ಲಿ ಕೂದಲೆಳೆಯಷ್ಟಾದರೂ ಮುಂದಿರಲೆಂದು ಆ ಕಾಲದಲ್ಲಿ ಕೆಲವು ತಯಾರಕರು ಗಡಿಯಾರವನ್ನು ಹೀಗೆ ಚೂರು ಮುಂದೆ ಇಟ್ಟಿರುತ್ತಿದ್ದರು. ತಕ್ಕಡಿಗೆ ಹೆಬ್ಬೆರಳು ತಾಗಿಸಿದ ಹಾಗೆ. ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿ, "ಭಾವಾ, ಮುಕ್ಕಾಲು ಚಿತ್ರಕ್ಕೆ 1,800 ರೂಪಾಯಿ ಕೊಟ್ರಲ್ಲ!" ಎಂದು ನಕ್ಕೆ. ಭಾವನೂ ನಕ್ಕರು. ನನ್ನ ಮಗ ನಗಲಿಲ್ಲ. ಅಪ್ಪನ ಜಿಪುಣತನ ಗೆದ್ದಿತೆಂದು ಯಾವ ಮಗ ತಾನೇ ನಗುತ್ತಾನೆ!

ಮರುವರ್ಷ ಬೇಸಿಗೆಯಲ್ಲಿ ಅಕ್ಕನ ಮಗ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ತಂದು ಸಿಕ್ಕಿಸಿದ. ಅದೇ ಪ್ರೊಸೆಸರ್, ಅದೇ ಆಟ. ಚಿತ್ರಗಳ ಸಂಖ್ಯೆ ಎರಡರಷ್ಟನ್ನೂ ದಾಟಿತು. ಮಗ ಸೊರಬಕ್ಕೆ ಬಂದವನೇ ನಮ್ಮ ಡಬ್ಬದ ತಿರುಪು ಬಿಚ್ಚಿ ಟಾರ್ಚು ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. "ಅಪ್ಪಾ, ಕಾರ್ಡ್ ಹಾಕೋಕೆ ಜಾಗಾನೇ ಇಲ್ಲ."

ಅವರ ಹಲಗೆಯದು ಇಂಟೆಲ್‌ನ 845ಜಿ ಎಂಬ ಚಿಪ್‌ಸೆಟ್, ನಮ್ಮದು 845ಜಿವಿ. ಎರಡರ ಒಳಗೂ ಇರುವ ಗ್ರಾಫಿಕ್ಸ್ ಒಂದೇ ಬಗೆಯದು, ಅದಕ್ಕೇ ಅಂಕಿಗಳು ಅಷ್ಟು ಹತ್ತಿರ ಬಂದದ್ದು. ಆದರೆ ಗ್ರಾಫಿಕ್ಸ್ ಕಾರ್ಡಿಗೆಂದು ಆಗ ಇದ್ದ ಎಜಿಪಿ ಸ್ಲಾಟು 845ಜಿಗೆ ಉಂಟು, 845ಜಿವಿಗೆ ಇಲ್ಲ. ಡಬ್ಬದ ಮೇಲೆಯೇ ಅಚ್ಚಾಗಿದ್ದ ವಿವರ, ನಾನು ಓದಿರಲಿಲ್ಲ. ಮಗ ಬೈಯಲಿಲ್ಲ, ಅಳಲಿಲ್ಲ. ತಿರುಪು ಹಾಕಿ ಮುಚ್ಚಿದ. ಅವನು ಆಮೇಲೆ ಅದರ ಮುಂದೆ ಕೂತದ್ದು ಕಡಿಮೆ. ಮೂರು ಕ್ವಿಂಟಲ್ ಭತ್ತದ ಲೆಕ್ಕ ನನಗೆ ಮತ್ತೆ ಹೇಳಲು ಬಾಯಿ ಬರಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ದುಬಾರಿಯದೇ ಒಳ್ಳೆಯದು ಎನ್ನಬಹುದಿತ್ತು. 2006ರ ಮಳೆಗಾಲದಲ್ಲಿ ಶಿಕಾರಿಪುರದ ಯಂತ್ರ ಇದ್ದಕ್ಕಿದ್ದಂತೆ ನಿಂತಿತು. ಬಿಚ್ಚಿದರೆ ಪ್ರೊಸೆಸರ್ ಪಕ್ಕದ ಕೆಪಾಸಿಟರುಗಳ ತಲೆ ಪೂರಿಯ ಹಾಗೆ ಉಬ್ಬಿ, ಎರಡರಿಂದ ಕಂದು ರಸ ಸೋರಿತ್ತು. ಇದು ಅವರೊಬ್ಬರ ಗ್ರಹಚಾರವಲ್ಲ. ಒಳಗಿನ ದ್ರವ ಸರಿಯಿಲ್ಲದ ಕೆಪಾಸಿಟರುಗಳು ಆ ಶತಮಾನದ ಮೊದಲ ವರ್ಷಗಳಲ್ಲಿ ಲೋಕದ ತುಂಬ ಮದರ್‌ಬೋರ್ಡ್‌ಗಳನ್ನು ಕೊಂದಿವೆ. 61.9 ಎಂಬ ಅಂಕಿಯಲ್ಲಿ ಇದರ ಸುಳಿವು ಎಲ್ಲೂ ಇರಲಿಲ್ಲ.

ಆ ಹೊತ್ತಿಗೆ ನನ್ನ ಮಗ ಆಟ ಬಿಟ್ಟು ಸೊರಬದ ಒಬ್ಬ ರೇಡಿಯೊ ರಿಪೇರಿಯವರ ಬಳಿ ಬೆಸುಗೆ ಹಾಕುವುದು ಕಲಿಯುತ್ತಿದ್ದ. ಅಷ್ಟೇ ಅಳತೆಯ ಹೊಸ ಕೆಪಾಸಿಟರುಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಮತ್ತೆ ಅದೇ ಬಸ್ಸು ಹತ್ತಿದ. ಅಕ್ಕನ ಮನೆಯ ಜಗಲಿಯ ಮೇಲೆ ಒಂದೊಂದೇ ಕಿತ್ತು, ಒಂದೊಂದೇ ಕೂರಿಸಿದ. ಸಂಜೆ ಯಂತ್ರ ಎದ್ದಿತು. ಅದಕ್ಕೆ ಮೊದಲು ಹಾಕಿದ್ದು ಕ್ವೇಕ್ 3 ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟನ್ನೂ ಹೋದ ತಿಂಗಳು ಬಂದ ಅಪ್ಪ–ಮಗನಿಗೆ ಹೇಳಿದೆ. ಮೆಮೊರಿಯನ್ನು ನಡೆಸುವ ಭಾಗ ಹಿಂದೆ ಹಲಗೆಯ ಮೇಲಿತ್ತು. ಎಎಂಡಿ 2003ರಲ್ಲಿ, ಇಂಟೆಲ್ 2008ರಲ್ಲಿ ಅದನ್ನು ಪ್ರೊಸೆಸರ್ ಒಳಗೇ ತಂದವು. ಹೀಗಾಗಿ ಒಂದೇ ಪ್ರೊಸೆಸರ್, ಒಂದೇ ಗ್ರಾಫಿಕ್ಸ್ ಕಾರ್ಡ್ ಇರುವಾಗ ಹಲಗೆ ಬದಲಿಸಿದ ಮಾತ್ರಕ್ಕೆ ಆಟ ಹೆಚ್ಚೇನೂ ಓಡುವುದಿಲ್ಲ. ಪ್ರೊಸೆಸರಿಗೆ ವಿದ್ಯುತ್ತನ್ನು ಹದ ಮಾಡಿ ಕೊಡುವ ಭಾಗ ಗಟ್ಟಿಯಿದೆಯೇ, ಮೆಮೊರಿಗೆ ಎಷ್ಟು ಸ್ಲಾಟು, ಮುಂದೆ ಬರುವ ಪ್ರೊಸೆಸರನ್ನೂ ಅದು ಒಪ್ಪುತ್ತದೆಯೇ, ಇವನ್ನು ನೋಡಬೇಕು. ಎಎಂಡಿಯ ಎಎಂ4 ಬಗೆಯ ಎಷ್ಟೋ ಹಲಗೆಗಳು 2017ರಲ್ಲಿ ಕೊಂಡವು, 2022ರಲ್ಲಿ ಬಂದ ಪ್ರೊಸೆಸರನ್ನೂ ಒಪ್ಪಿಕೊಂಡವು. ಯಾವ ಕಂಬದ ನಕ್ಷೆಯೂ ಅದನ್ನು ತೋರಿಸಿರಲಿಲ್ಲ.

ಕೊನೆಗೆ ಹುಡುಗ ಅಗ್ಗದ ಹಲಗೆಗೇ ಒಪ್ಪಿ, ಉಳಿದ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕುವುದೆಂದಾಯಿತು. ಅಪ್ಪನ ಮುಖ ಅರಳಿತು. "ಇದ್ರಲ್ಲಿ ಓದೋಕೂ ಆಗುತ್ತಲ್ಲ ಮೇಷ್ಟ್ರೇ?" ಎಂದು ಕೇಳಿಯೇ ಎದ್ದ.

ರಾತ್ರಿ ಮಗನಿಗೆ ಫೋನು ಮಾಡಿ ಅಗ್ಗದ್ದನ್ನೇ ಕೊಡಿಸಿದೆ ಎಂದೆ. ಆ ಕಡೆ ಒಂದು ಗಳಿಗೆ ಮೌನ.

"ಜಾಗ ಇದೆಯಾ ನೋಡಿದ್ಯಾ ಅಪ್ಪಾ?"

"ನೋಡಿದೆ ಮಾರಾಯ. ಈ ಸಲ ಎಣಿಸಿಯೇ ಕೊಡಿಸಿದ್ದು" ಅಂದೆ.