ಕುಂಡದ ಮಣ್ಣಿನ ಒಕ್ಕಲುಗಳು

ಮುಂಬಯಿಯ ಮನೆಗಳಲ್ಲಿ ನೆಲವೆಂದರೆ ಹಾಸುಗಲ್ಲು. ಮಣ್ಣೆಂದರೆ ಕಿಟಕಿಯ ಗ್ರಿಲ್ಲಿನಲ್ಲಿಟ್ಟ ಕುಂಡದೊಳಗಿನ ನಾಲ್ಕು ಬೊಗಸೆ. ಆ ನಾಲ್ಕು ಬೊಗಸೆಯನ್ನು ನಾವು ನಮ್ಮದೆಂದುಕೊಂಡಿರುತ್ತೇವೆ. ಅಲ್ಲಿ ನಮ್ಮ ಅಪ್ಪಣೆ ಕೇಳದೆ ಒಕ್ಕಲು ಹೂಡಿದವರು ಎಷ್ಟೋ ಮಂದಿ ಇದ್ದಾರೆಂಬುದು ತಿಳಿಯುವುದು ಮಳೆಗಾಲದಲ್ಲಿ. ಜುಲೈ ಬಂತೆಂದರೆ ಕಾಫಿ ಲೋಟದ ಅಂಚಿನಲ್ಲಿ, ದೀಪದ ಸುತ್ತ, ಓದುತ್ತಿರುವ ಪುಸ್ತಕದ ಹಾಳೆಯ ಮೇಲೆ, ಎಳ್ಳಿಗಿಂತ ಕಿರಿದಾದ ಕಪ್ಪು ನೊಣಗಳು ಸುಳಿಯತೊಡಗುತ್ತವೆ. ಬಾಳೆಹಣ್ಣನ್ನು ಮುಚ್ಚಿಟ್ಟರೂ, ಕಸದ ಬುಟ್ಟಿಯನ್ನು ತೊಳೆದಿಟ್ಟರೂ ಅವು ಹೋಗುವುದಿಲ್ಲ. ಅವುಗಳ ತವರು ಅಡುಗೆಮನೆಯಲ್ಲ, ಕುಂಡ.

ನಮ್ಮ ಗ್ರಿಲ್ಲಿನಲ್ಲಿರುವುದು ಒಂದು ತುಳಸಿ, ಒಂದು ಕರಿಬೇವು, ಒಂದು ಮಲ್ಲಿಗೆ. ಮೊದಲಿನವೆರಡು ಹೋದರೆ ನರ್ಸರಿಯಲ್ಲಿ ಬೇರೆ ಸಿಗುತ್ತವೆ. ಮಲ್ಲಿಗೆಯ ವಿಷಯ ಹಾಗಲ್ಲ. ಅದು ತೀರ್ಥಹಳ್ಳಿ ಕಡೆಯ ನಮ್ಮ ಮನೆಯಂಗಳದ ಬಳ್ಳಿಯಿಂದ ಕಡ್ಡಿಯಾಗಿ ಬಂದದ್ದು. ಅಪ್ಪ ತೀರಿಕೊಂಡ ಮೇಲೆ ಆ ಮನೆ ಮಾರಾಟವಾಯಿತು. ಕೊಂಡವರು ಅಂಗಳಕ್ಕೆ ಸಿಮೆಂಟು ಹಾಕಿಸಿದರು. ಮೂಲದ ಬಳ್ಳಿ ಈಗ ಇಲ್ಲ. ಶಿವಮೊಗ್ಗದಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮ ಭಾನುವಾರ ಫೋನು ಮಾಡಿದಾಗ ಮೊಮ್ಮಕ್ಕಳ ಪರೀಕ್ಷೆಗಿಂತ ಮೊದಲು ಕೇಳುವುದು, "ಮಲ್ಲಿಗೆ ಚಿಗುರಿತಾ?" ಎಂದು.

ಹೀಗಿರುವಾಗ ಮಣ್ಣಿನಲ್ಲಿ ಹುಳುವೆಂದರೆ ನಮಗೆ ಅದು ಸಣ್ಣ ಸಂಗತಿಯಾಗಿ ಉಳಿಯಲಿಲ್ಲ. ನರ್ಸರಿಯವನು ಘಾಟು ವಾಸನೆಯ ಹರಳಿನ ಪೊಟ್ಟಣವೊಂದನ್ನು ಮುಂದಿಟ್ಟು, ಒಂದು ಚಮಚ ಉದುರಿಸಿದರೆ ಎಲ್ಲವೂ ಸತ್ತುಹೋಗುತ್ತವೆಂದ. ಆ 'ಎಲ್ಲವೂ' ಎಂಬ ಮಾತೇ ನಮ್ಮನ್ನು ತಡೆಯಿತು. ಪಕ್ಕದ ಕುಂಡದ ಕರಿಬೇವು ದಿನಬೆಳಗಾದರೆ ಒಗ್ಗರಣೆಗೆ ಬೀಳುತ್ತದೆ; ಗ್ರಿಲ್ಲು ಅಡುಗೆಮನೆಯ ಕಿಟಕಿಗೇ ಅಂಟಿದೆ. ಕೊಲ್ಲುವ ಮುನ್ನ ಯಾರನ್ನು ಎಂದು ತಿಳಿಯುವುದು ಒಳ್ಳೆಯದೆಂದು ಮಗನ ಭೂತಗನ್ನಡಿಯನ್ನೂ ಒಂದು ಬಿಳಿಯ ತಟ್ಟೆಯನ್ನೂ ಹಿಡಿದು ಕುಳಿತೆವು.

ಮೊದಲು ಸಿಕ್ಕವರು ನೊರಜುಗಳು. ಇಂಗ್ಲಿಷಿನಲ್ಲಿ ಫಂಗಸ್ ನ್ಯಾಟ್ ಎನ್ನುವ ಇವು ಎರಡು ಮೂರು ಮಿಲಿಮೀಟರಿನ ದುರ್ಬಲ ಹಾರಾಟಗಾರರು. ಹಾರುವ ನೊಣದಿಂದ ಗಿಡಕ್ಕೆ ಕೇಡಿಲ್ಲ. ಕೇಡೇನಿದ್ದರೂ ಮಣ್ಣಿನೊಳಗಿನ ಮರಿಹುಳುವಿನಿಂದ. ಅದನ್ನು ಹೊರಗೆ ಕರೆಯಲು ಆಲೂಗಡ್ಡೆ ಸಾಕು. ಹೆಚ್ಚಿದ ಬಿಲ್ಲೆಯೊಂದನ್ನು ಮಣ್ಣಿನ ಮೇಲೆ ಒತ್ತಿಟ್ಟು ಎರಡು ಮೂರು ದಿನ ಬಿಟ್ಟು ತಿರುವಿದರೆ, ಗಾಜಿನಂತಹ ಮೈ, ಹೊಳೆಯುವ ಕಪ್ಪು ತಲೆಯ ಹುಳುಗಳು ಅಂಟಿಕೊಂಡಿರುತ್ತವೆ. ಅವುಗಳ ಮುಖ್ಯ ಆಹಾರ ಒದ್ದೆ ಮಣ್ಣಿನ ಬೂಷ್ಟು ಮತ್ತು ಕೊಳೆತ ಎಲೆ. ಸಂಖ್ಯೆ ಮಿತಿಮೀರಿದಾಗ ಎಳೆಯ ಬೇರಿಗೂ ಬಾಯಿ ಹಾಕುತ್ತವೆ. ತೇವವೇ ಅವುಗಳ ಬಂಡವಾಳ. ಮೇಲಿನ ಒಂದೆರಡು ಅಂಗುಲ ಒಣಗಿದರೆ ಅಲ್ಲಿ ಮೊಟ್ಟೆ, ಮರಿ ಬದುಕುವುದು ಕಷ್ಟ.

ಈ ಉಪಾಯವನ್ನು ಹೇಳುವುದು ಸುಲಭ. ಮುಂಬಯಿಯ ಜುಲೈಯಲ್ಲಿ ಟವೆಲ್ಲೇ ಮೂರು ದಿನ ಒಣಗದು, ಮಣ್ಣು ಒಣಗೀತೇ? ಆದುದರಿಂದ ಕುಂಡಗಳನ್ನು ಎರಚಲು ತಾಗದಂತೆ ಒಳಗೆ ಸರಿಸಿದೆವು. ನೀರನ್ನು ಮೇಲಿನಿಂದ ಹೊಯ್ಯದೆ ಅಡಿಯ ತಟ್ಟೆಯಲ್ಲಿಟ್ಟು, ಅರ್ಧ ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಿದೆವು. ಮಣ್ಣಿನ ಮೇಲೆ ಒಂದಂಗುಲ ದಪ್ಪ ಮರಳು ಹರಡಿದೆವು. ಹಳದಿ ರಟ್ಟಿಗೆ ಹರಳೆಣ್ಣೆ ಸವರಿ ಕಡ್ಡಿಗೆ ಸಿಕ್ಕಿಸಿದೆವು. ಹಳದಿಯೆಂದರೆ ನೊರಜಿಗೆ ಎಲ್ಲಿಲ್ಲದ ಮೋಹ. ಸೊಳ್ಳೆಮರಿಗಳ ನಾಶಕ್ಕೆ ಬಳಸುವ ಬಿ.ಟಿ.ಐ. ಎಂಬ ಬ್ಯಾಕ್ಟೀರಿಯಾದ ಪುಡಿಯೂ ಇದಕ್ಕೆ ಆಗುತ್ತದೆ. ಅದು 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ನೀರಿನ ಹೊಂಡವೊಂದರಲ್ಲಿ ಸಿಕ್ಕಿದ್ದು. ನಮಗೆ ಅದರ ಅಗತ್ಯ ಬೀಳಲಿಲ್ಲ. ಮೊಟ್ಟೆಯಿಂದ ನೊಣವಾಗಲು ಮೂರು ನಾಲ್ಕು ವಾರ ಹಿಡಿಯುವುದರಿಂದ, ಒಂದು ತಲೆಮಾರು ಕಳೆಯುವವರೆಗೆ ಬಿಡದೆ ಮಾಡಬೇಕು, ಅಷ್ಟೆ.

ತಟ್ಟೆಯಲ್ಲಿ ಇನ್ನೂ ಇಬ್ಬರಿದ್ದರು. ನೀರು ಬಿದ್ದೊಡನೆ ತೇಲಿ, ಮುಟ್ಟಹೋದರೆ ಚಿಮ್ಮುವ ಬಿಳಿಯ ಚುಕ್ಕೆಗಳು ಸ್ಪ್ರಿಂಗ್‌ಟೇಲ್‌ಗಳು. ಹೊಟ್ಟೆಯಡಿ ಮಡಿಸಿಟ್ಟ ಕವಲನ್ನು ಬಿಡಿಸಿ ನೆಲಕ್ಕೆ ಬಡಿದು ಹಾರುವುದರಿಂದ ಆ ಹೆಸರು. ಸಾಸಿವೆಯ ಚೂರಿನಂತೆ ಹೊಳೆಯುತ್ತ ನಿಧಾನವಾಗಿ ನಡೆಯುವವು ಮಣ್ಣಿನ ನುಸಿಗಳು. ಇಬ್ಬರೂ ಕೊಳೆತದ್ದನ್ನು ತಿಂದು ಗೊಬ್ಬರ ಮಾಡುವವರು, ಗಿಡಕ್ಕೆ ನಿರುಪದ್ರವಿಗಳು. ನರ್ಸರಿಯವನ ಒಂದು ಚಮಚಕ್ಕೆ ಮೊದಲು ಸಾಯುತ್ತಿದ್ದವರು ಇವರೇ ಇರಬಹುದು. ಡಾರ್ವಿನ್ ತನ್ನ ಓದಿನ ಕೋಣೆಯಲ್ಲಿ ಕುಂಡಗಳಲ್ಲಿ ಎರೆಹುಳು ಸಾಕಿ, ಅವನ್ನು ಪಿಯಾನೋ ಮೇಲಿಟ್ಟು, ಸ್ವರ ನುಡಿಸಿದಾಗ ಅವು ಕಂಪನಕ್ಕೆ ಬೆದರಿ ಬಿಲ ಸೇರುವುದನ್ನು ಕಂಡು, 1881ರ ಪುಸ್ತಕದಲ್ಲಿ ಬರೆದಿದ್ದಾನೆ. ಅಂತಹ ತಾಳ್ಮೆಯ ನೂರನೆಯ ಒಂದು ಪಾಲಾದರೂ ನಮಗಿರಲೆಂದು ಇವರನ್ನು ಇವರ ಪಾಡಿಗೆ ಬಿಟ್ಟೆವು.

ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಹಳದಿ ರಟ್ಟು ಖಾಲಿ ಉಳಿಯತೊಡಗಿತು. ಆದರೆ ಅಕ್ಟೋಬರಿನ ಬಿಸಿಲು ಏರಿದಂತೆ ಮಲ್ಲಿಗೆಯ ಎಲೆಗಳು ಹಳದಿಗೆ ತಿರುಗಿದವು. ನೀರು ಕೊಟ್ಟ ಮರುಗಳಿಗೆಯೇ ಬಾಡಿದಂತೆ ಕಂಡವು. ನೊರಜಿಲ್ಲ, ಎಲೆಯಡಿಯಲ್ಲಿ ಹೇನಿಲ್ಲ. ಕುಂಡದ ಅಡಿತೂತಿನಲ್ಲಿ ಇರುವೆಗಳ ಸಾಲೊಂದು ಮಾತ್ರ ಹೋಗಿ ಬಂದು ಮಾಡುತ್ತಿತ್ತು. ಭಾನುವಾರ ಅಮ್ಮನಿಗೆ ಹೇಳಿದಾಗ ಅವರು, "ಇರುವೆ ಸುಮ್‌ಸುಮ್ನೆ ಓಡಾಡಲ್ಲ, ಒಳಗೆ ಏನಿದೆ ನೋಡಿ. ನಾಲ್ಕು ಕಡ್ಡಿ ಕಡಿದು ನೆಟ್ಟುಕೊಂಡು ಆಮೇಲೆ ಕೀಳಿ" ಎಂದರು. ದನಿಯಲ್ಲಿ ಗಾಬರಿಯಿರಲಿಲ್ಲ, ಆದರೆ ಅಂದು ಮೊಮ್ಮಕ್ಕಳ ವಿಚಾರ ಕೇಳಲೇ ಇಲ್ಲ.

ನಾಲ್ಕು ಕಡ್ಡಿಗಳನ್ನು ಬೇರೆ ಮಣ್ಣಿಗೆ ಊರಿ, ಕುಂಡವನ್ನು ಬೋರಲು ಹಾಕಿದೆವು. ಬೇರು ಕುಂಡದ ಆಕಾರಕ್ಕೇ ಹೆಣೆದುಕೊಂಡಿತ್ತು. ನೀರು ಅಂಚಿನಿಂದ ಜಾರಿಹೋಗಿ ನಡುವಿನ ಮುದ್ದೆ ಒಣಗಿತ್ತು. ಆ ಒಣಗಿದ ಜಾಗದ ತುಂಬ ಅಕ್ಕಿಹಿಟ್ಟು ಮೆತ್ತಿದಂತಹ ಬಿಳುಪು. ಬೇರಿನ ಹಿಟ್ಟುತಿಗಣೆ. ಬೇರಿನ ರಸ ಹೀರಿ ಅದು ಹೊರಬಿಡುವ ಸಿಹಿ ಜಿನುಗಿಗಾಗಿ ಇರುವೆಗಳು ಅದನ್ನು ದನ ಕಾದಂತೆ ಕಾಯುತ್ತವೆ. ಮೂರು ತಿಂಗಳು ಮೂಗಿನ ಮುಂದೆ ಹಾರಾಡಿದ ನೊರಜು ಹೆಚ್ಚು ಕೆಡಿಸಿರಲಿಲ್ಲ. ಕಾಣದೆ ಕುಳಿತದ್ದು ಜೀವ ಹೀರುತ್ತಿತ್ತು.

ಹಳೆಯ ಮಣ್ಣನ್ನು ಚೀಲಕ್ಕೆ ಕಟ್ಟಿ ಹೊರಹಾಕಿದೆವು. ಬೇರನ್ನು ನಲ್ಲಿಯಡಿ ಬಿಡಿಬಿಡಿಯಾಗಿ ತೊಳೆದು, ಕಪ್ಪಾದದ್ದನ್ನು ಕತ್ತರಿಸಿ, ತೆಳುವಾದ ಸಾಬೂನು ನೀರಿನಲ್ಲಿ ಅದ್ದಿ, ಮತ್ತೆ ತೊಳೆದು, ಬೇವಿನ ಹಿಂಡಿ ಬೆರೆಸಿದ ಹೊಸ ಮಣ್ಣಿನಲ್ಲಿ ದೊಡ್ಡ ಕುಂಡಕ್ಕೆ ಇಳಿಸಿದೆವು. ಅಪ್ಪ ನೆಟ್ಟ ಬಳ್ಳಿಯ ಬೇರು ಇಷ್ಟು ಬೆತ್ತಲಾಗಿ ನಮ್ಮ ಅಂಗೈಯಲ್ಲಿ ಮಲಗಿದ್ದಾಗ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಹದಿನೈದು ದಿನ ಎಲೆ ಉದುರುತ್ತಲೇ ಹೋಯಿತು. ಡಿಸೆಂಬರಿನಲ್ಲಿ ಒಂದು ಗೆಣ್ಣಿನಲ್ಲಿ ಹಸಿರು ಕಂಡಿತು.

ಮಾರ್ಚಿನಲ್ಲಿ ಮೊದಲ ದಿನ ಬಿಟ್ಟದ್ದು ಒಂಬತ್ತು ಹೂ. ಮಾಲೆಗೆ ಸಾಲದು, ಮಾಲೆ ಬೇಕೆಂದರೆ ಮಾಟುಂಗಾದ ಹೂವಿನ ಬೀದಿಯಿದೆ. "ದೇವರಿಗೆ ಸಾಕಲ್ಲ" ಎಂದರು ಅಮ್ಮ.

ನೆಟ್ಟ ಕಡ್ಡಿಗಳಲ್ಲಿ ಎರಡು ಬೇರು ಹಿಡಿದಿವೆ. ಒಂದನ್ನು ಡೊಂಬಿವಲಿಯ ಕನ್ನಡದ ಗೆಳೆಯರ ಮನೆಗೆ ಕೊಟ್ಟೆವು. ಹೊಸ ಗಿಡ ಯಾರೇ ಕೊಡಲಿ, ಮೂರು ವಾರ ಉಳಿದವುಗಳಿಂದ ದೂರವಿಡುವುದು ಈಗ ನಮ್ಮ ರೂಢಿ. ಅವರಿಗೂ ಅದನ್ನೇ ಹೇಳಿದೆವು. ಜೊತೆಗೆ ಅಡಿತೂತಿನ ಇರುವೆಯ ವಿಷಯವನ್ನೂ.