ತಂದೆಯವರ ಗಂಟಲು

ನಮ್ಮ ತಂದೆಯವರದು ದೊಡ್ಡ ಗಂಟಲು. ಹಾಸನದ ಮನೆಯ ಹಿತ್ತಲಲ್ಲಿ ನಿಂತು ಯಾರನ್ನಾದರೂ ಕೂಗಿದರೆ ಬೀದಿಯ ಕೊನೆಯ ಮನೆಯವರು “ಬಂದೆ ಸ್ವಾಮಿ” ಎಂದು ಓಗೊಡುತ್ತಿದ್ದರು. ಟ್ರಂಕ್ ಕಾಲಿನ ಖರ್ಚಿಗೆ ಹೆದರಿ 1984ರ ಕೊನೆಯಲ್ಲಿ ಅವರು ಒಂದು ಕ್ಯಾಸೆಟ್ಟಿನಲ್ಲಿ ಮಾತನಾಡಿ ಅದನ್ನೇ ಕಾಗದವೆಂದು ಕಲ್ಕತ್ತೆಗೆ ಕಳುಹಿಸಿದರು. ಈಗ ಉಳಿದಿರುವ ಅವರ ದನಿ ಅದೊಂದೇ. ಟೇಪು ಸವೆದುಹೋಗುವ ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳೋಣವೆಂದು ಸ್ಟೀರಿಯೋ ಶಬ್ದವನ್ನು ಒಳಗೆ ತೆಗೆದುಕೊಳ್ಳುವ ಪುಟ್ಟ ಬೋರ್ಡೊಂದನ್ನು ತರಿಸಿದೆ. ಯಾರು ಮಾಡಿದ್ದೆಂಬುದು ಬೇಡ.

ಇಳಿಸಿ ಕೇಳಿಸಿದಾಗ ಅಮ್ಮ, “ಯಾರಪ್ಪ ಇವರು?” ಎಂದರು. ನನಗೆ ಎದೆ ಧಸಕ್ಕೆಂದಿತು. ದನಿ ಯಾರೋ ಗುಮಾಸ್ತರು ಟೆಲಿಫೋನಿನಲ್ಲಿ ಮಾತನಾಡಿದಂತೆ ಸಣ್ಣಗಾಗಿತ್ತು.

ಟೇಪು ಕೆಟ್ಟಿತೇ ಎಂದರೆ, ಡೆಕ್ಕಿಗೇ ಹೆಡ್‌ಫೋನ್ ಸಿಕ್ಕಿಸಿದರೆ ದನಿ ಸರಿಯಾಗಿದೆ. ಬೋರ್ಡಿನಲ್ಲಿ ಬೆಸುಗೆ ಬಿಟ್ಟಿದ್ದರೆ ಎಡವೋ ಬಲವೋ ಒಂದು ಕೆಡಬೇಕು. ಎರಡೂ ಒಂದೇ ಅಳತೆಯಲ್ಲಿ ಕೆಟ್ಟಿವೆಯೆಂದರೆ ತಪ್ಪು ಬೆಸೆದವನದಲ್ಲ, ನಕ್ಷೆ ಬರೆದವನದು.

ಭೂತಗನ್ನಡಿ ಹಿಡಿದು ನೋಡಿದೆ. ಎಡಬಲ ದಾರಿಗಳ ಬಾಗಿಲಲ್ಲಿ ಒಂದೊಂದು ಕೆಪಾಸಿಟರು ಕಾವಲಿರುತ್ತದೆ. ನಿಂತ ವಿದ್ಯುತ್ತನ್ನು ತಡೆದು, ಕಂಪಿಸುವ ಶಬ್ದವನ್ನು ಮಾತ್ರ ಒಳಗೆ ಬಿಡುವುದು ಅದರ ಕೆಲಸ. ಅದು ಚಿಕ್ಕದಾದಷ್ಟೂ ತಗ್ಗಿನ ಸ್ವರಗಳು ಹೊರಗೇ ಉಳಿಯುತ್ತವೆ. ಲೆಕ್ಕ ಸುಲಭ: ಅದರ ಮುಂದಿನ ರೆಸಿಸ್ಟರಿನ ಕಿಲೋಓಮನ್ನೂ ಕೆಪಾಸಿಟರಿನ ಮೈಕ್ರೋಫ್ಯಾರಡನ್ನೂ ಗುಣಿಸಿ, ಬಂದದ್ದರಿಂದ 159ನ್ನು ಭಾಗಿಸಬೇಕು. ಸೆಕೆಂಡಿಗೆ ಅಷ್ಟು ಕಂಪನಗಳ ಕೆಳಗೆ ದನಿ ಕುಗ್ಗುತ್ತ ಹೋಗುತ್ತದೆ. ಇಲ್ಲಿ 4.7 ಮತ್ತು 0.1, ಉತ್ತರ 338. ಗಂಡಸರ ಮಾತಿನ ಮೂಲಸ್ವರವೋ ಸುಮಾರು 120! ತಂದೆಯವರನ್ನು ಬಾಗಿಲಲ್ಲೇ ನಿಲ್ಲಿಸಿ ಅವರ ಶಲ್ಯವನ್ನು ಮಾತ್ರ ಒಳಗೆ ಬಿಟ್ಟಿದ್ದರು.

ಕಾಳೀಘಾಟಿನಲ್ಲಿ ಮೆಟ್ರೋ ಹತ್ತಿ ಚಾಂದನಿ ಚೌಕಕ್ಕೆ ಹೋದೆ. 2.2 ಮೈಕ್ರೋಫ್ಯಾರಡಿನವು ಎರಡು ಬೇಕೆಂದರೆ ಅಂಗಡಿಯವರು, “ದಾದಾ, ಎರಡನ್ನು ಯಾರು ಮಾರುತ್ತಾರೆ?” ಎಂದು ಹತ್ತು ಕೊಟ್ಟರು. ಇವನ್ನು ಹಾಕಿದರೆ 338 ಇದ್ದದ್ದು 15ಕ್ಕೆ ಇಳಿಯುತ್ತದೆ. ಅದು ಮನುಷ್ಯರ ಕಿವಿಗೇ ಎಟುಕದಷ್ಟು ತಗ್ಗು.

ಕೈ ನಡುಗುತ್ತಿದ್ದುದರಿಂದ ಮೊದಲು ಎಡಗಡೆಯದನ್ನು ಮಾತ್ರ ಬದಲಾಯಿಸಿ, ಹೆಡ್‌ಫೋನನ್ನು ಅಮ್ಮನಿಗೆ ತೊಡಿಸಿದೆ. ಒಂದೇ ಮೈಕಿನಲ್ಲಿ ಹಿಡಿದ ಮಾತು. ಎರಡು ಕಿವಿಗೂ ಅದೇ. ಅಮ್ಮ ಸ್ವಲ್ಪ ಹೊತ್ತು ತಲೆಯನ್ನು ಎಡಕ್ಕೆ ವಾಲಿಸಿ ಕೇಳಿದರು. “ಈ ಕಡೆ ಇರೋದು ನಿಮ್ಮಪ್ಪ. ಆ ಕಡೆಯವನನ್ನು ಕಳಿಸಿಬಿಡು” ಎಂದರು.

ಕಳಿಸಿದೆ. ಆ ಮೇಲೆ ಇಬ್ಬರೂ ಕೂತು ಪೂರ್ತಿ ಕೇಳಿದೆವು. ಆ ವರ್ಷ ಅಕ್ಟೋಬರ್ 24ರಂದು ಎಸ್ಪ್ಲನೇಡಿನಿಂದ ಭವಾನೀಪುರಕ್ಕೆ ಮೆಟ್ರೋ ಓಡತೊಡಗಿದ್ದು ತಂದೆಯವರ ಕಿವಿಗೆ ಬಿದ್ದಿತ್ತು. “ಅಲ್ಲಿ ನೆಲದೊಳಗೆ ರೈಲು ಬಿಟ್ಟಿದಾರಂತೆ. ನೀನು ಮಾತ್ರ ಹತ್ತಬೇಡ” ಎಂದು ಗದರಿದರು. ಅಮ್ಮ ನನ್ನ ಮುಖ ನೋಡಿದರು.

ಹೊಸ ಕೆಪಾಸಿಟರುಗಳು ಹುಣಸೆಬೀಜಕ್ಕಿಂತ ದಪ್ಪ. ಪೆಟ್ಟಿಗೆಯ ಮುಚ್ಚಳ ಕೂರುವುದಿಲ್ಲ. ರಬ್ಬರ್ ಬ್ಯಾಂಡು ಹಾಕಿದ್ದೇನೆ. ಎಂಟು ಉಳಿದಿವೆ. ಹಳೆಯ ಕ್ಯಾಸೆಟ್ಟು ಇಟ್ಟುಕೊಂಡವರು ಬಂದು ಕೇಳಬಹುದು.